ಕುಣಿಯುವ ಕರಡಿ ಹೋಯಿತು, ಕಾಡಿನ ಕರಡಿಯ ಗತಿಯೇನು?

“ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ” ಎಂಬ ಮಾತು ನಮ್ಮಲ್ಲಿ ಬಳಕೆಯಲ್ಲಿದೆ. ಬರಬಾರದ ಕಡೆಗೆ ಬಂದು ನಡೆಯುವ ಕೆಲಸವನ್ನು ಕೆಡಿಸುವವನನ್ನು ಕುರಿತು ಇದನ್ನು ಆಡುತ್ತೇವೆ. ಬಲ್ಲವರು ಹೇಳುವ ಪ್ರಕಾರ ಮೂಲದಲ್ಲಿ ಅಲ್ಲಿ ಕರಡಿಯೇ ಇರಲಿಲ್ಲ, ಇದ್ದುದು ಕರಡಿಗೆ. ಇಷ್ಟಲಿಂಗವನ್ನಿರಿಸುವ ಆ ಪುಟ್ಟ ಸಂಪುಟವನ್ನು ಮರೆತು ಪೂಜೆಗೆ ಕುಳಿತವನ ಪೇಚಾಟವನ್ನು ಹೇಳುತ್ತಿದ್ದ ಮಾತು, ಬಾಯಿಂದ ಬಾಯಿಗೆ ಸವೆಯುತ್ತ ಬಂದು, ಏನೂ ಅರಿಯದ ಕಾಡುಪ್ರಾಣಿಯನ್ನು ಪೂಜಾಗೃಹದೊಳಕ್ಕೆ ತಂದು ನಿಲ್ಲಿಸಿತು.

ಕರಡಿಗೆ ಈ ಬಗೆಯ ಅನ್ಯಾಯ ಒಂದೇ ಸಲ ಆದುದಲ್ಲ. 1791ರಲ್ಲಿ ಜಾರ್ಜ್ ಷಾ ಎಂಬ ಆಂಗ್ಲ ಪ್ರಾಣಿಶಾಸ್ತ್ರಜ್ಞನು ನಮ್ಮ ದೇಶದ ಕರಡಿಯನ್ನು ವರ್ಣಿಸುವಾಗ, ಅದರ ಉದ್ದನೆಯ ಬಾಗಿದ ಉಗುರುಗಳನ್ನೂ ಮೇಲ್ದವಡೆಯಲ್ಲಿ ಮುಂಭಾಗದ ಎರಡು ಹಲ್ಲುಗಳಿಲ್ಲದಿರುವುದನ್ನೂ ಕಂಡು, ಅದನ್ನು ‘ಸ್ಲಾತ್’ ಎಂಬ ಪ್ರಾಣಿಯ ಬಳಗಕ್ಕೆ ಸೇರಿಸಿಬಿಟ್ಟನು. ಸ್ಲಾತ್ ಎಂಬುದು ಮಧ್ಯ ಹಾಗೂ ದಕ್ಷಿಣ ಅಮೆರಿಕದ ಮಳೆಗಾಡುಗಳಲ್ಲಿ ಕೊಂಬೆಗೆ ತಲೆಕೆಳಗಾಗಿ ಜೋತುಬಿದ್ದು ಎಲೆ ತಿಂದು ಬದುಕುವ ಪ್ರಾಣಿ. ಅದು ಎಷ್ಟು ನಿಧಾನಿಯೆಂದರೆ ಅದರ ರೋಮದ ನಡುವೆ ಪಾಚಿ ಬೆಳೆಯುತ್ತದೆ; ಮಲವಿಸರ್ಜನೆಗೆಂದು ಮರದಿಂದಿಳಿಯುವುದು ವಾರಕ್ಕೊಮ್ಮೆಯಷ್ಟೆ. ಅಂಥದಕ್ಕೂ ನಮ್ಮ ಕರಡಿಗೂ ಯಾವ ರಕ್ತಸಂಬಂಧವೂ ಇಲ್ಲ. ಅನಂತರದ ಪಂಡಿತರು ತಪ್ಪನ್ನು ತಿದ್ದಿದರು. ಆದರೆ ಹೆಸರು ಮಾತ್ರ ಅಂಟಿಕೊಂಡೇ ಉಳಿಯಿತು. ಇಂಗ್ಲಿಷಿನಲ್ಲಿ ಇಂದಿಗೂ ಅದು ‘ಸ್ಲಾತ್ ಬೇರ್’, ಎಂದರೆ ಸೋಮಾರಿ ಕರಡಿ.

ಈಗ ಮೂರನೆಯ ಅನ್ಯಾಯ ನಮ್ಮ ಕಣ್ಣೆದುರಿಗೇ ನಡೆಯುತ್ತಿದೆ. ಬಳ್ಳಾರಿ, ವಿಜಯನಗರ, ಕೊಪ್ಪಳ, ತುಮಕೂರು ಜಿಲ್ಲೆಗಳ ಕಡೆಯಿಂದ ಬರುವ ಸುದ್ದಿಗಳಲ್ಲಿ “ಊರಿಗೆ ನುಗ್ಗಿದ ಕರಡಿ” ಎಂಬ ತಲೆಬರಹವನ್ನು ನಮ್ಮ ವಾಚಕರು ಎಷ್ಟು ಬಾರಿ ಓದಿಲ್ಲ? ಹೊಲಕ್ಕೆ ಹೋದ ರೈತನ ಮುಖ ಹರಿಯಿತು, ಕುರಿ ಕಾಯುವವನು ಆಸ್ಪತ್ರೆ ಸೇರಿದನು, ಊರವರು ಕೋಲು ಹಿಡಿದು ಬೆನ್ನಟ್ಟಿದರು ಎಂದು ವಾರ್ತೆ ಮುಂದುವರಿಯುತ್ತದೆ. ಗಾಯಗೊಂಡವರಲ್ಲಿ ನಮ್ಮವರ ಅಣ್ಣತಮ್ಮಂದಿರೂ ಇರಬಹುದಾದುದರಿಂದ ಇದು ದೂರದ ಸುದ್ದಿಯೆಂದು ಪುಟ ತಿರುವಿಹಾಕುವಂತಿಲ್ಲ. ಆದರೆ ನುಗ್ಗಿದವರು ಯಾರು, ಯಾರ ಮನೆಗೆ ನುಗ್ಗಿದರು ಎಂಬ ಪ್ರಶ್ನೆಯನ್ನು ಸಾವಧಾನವಾಗಿ ವಿಚಾರಮಾಡಬೇಕಾದ ಕಾಲ ಬಂದಿದೆ.

ಈ ಪ್ರಾಣಿ ಎಂಥದು?

ಮೊದಲು ಕರಡಿಯ ಜೀವನಕ್ರಮವನ್ನು ಅರಿಯುವುದು ಒಳ್ಳೆಯದು. ಪ್ರಪಂಚದ ಬೇರೆ ಕೆಲವು ಕರಡಿಗಳಂತೆ ಇದು ಮೀನು ಮಾಂಸಗಳನ್ನು ನೆಚ್ಚಿದುದಲ್ಲ. ಇದರ ಮುಖ್ಯಾಹಾರ ಗೆದ್ದಲು, ಇರುವೆ, ಜೇನು ಮತ್ತು ಕಾಡಿನ ಹಣ್ಣುಗಳು. ಷಾ ಪಂಡಿತನನ್ನು ದಾರಿತಪ್ಪಿಸಿದ ಆ ಇಲ್ಲದ ಎರಡು ಹಲ್ಲುಗಳೇ ಅದರ ಬದುಕಿನ ಉಪಾಯ. ಉಗುರಿನಿಂದ ಹುತ್ತವನ್ನು ಬಗೆದು, ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ತುಟಿಯನ್ನು ಕೊಳವೆಯಂತೆ ಮುಂದಕ್ಕೆ ಚಾಚಿ, ಹಲ್ಲಿಲ್ಲದ ಆ ಸಂದಿಯಿಂದ ಗೆದ್ದಲುಗಳನ್ನು ಸುರ್ರೆಂದು ಹೀರಿಕೊಳ್ಳುತ್ತದೆ. ಆ ಸದ್ದು ನೂರು ಗಜಕ್ಕಿಂತಲೂ ದೂರ ಕೇಳಿಸುವುದುಂಟು. ಬೋರೆ, ನೇರಳೆ, ಕಕ್ಕೆ ಮುಂತಾದ ಹಣ್ಣುಗಳನ್ನು ಒಂದು ಕಡೆ ತಿಂದು ಬೀಜಗಳನ್ನು ಮತ್ತೊಂದು ಕಡೆ ಹಾಕುವುದರಿಂದ, ಕೂಲಿ ಕೇಳದೆ ಕಾಡನ್ನು ಬಿತ್ತುವ ಕೆಲಸವನ್ನೂ ಅದು ಮಾಡುತ್ತದೆ. ರಾತ್ರಿಯೆಲ್ಲ ಹೀಗೆ ದುಡಿಯುವ ಜೀವಿಗೆ ಸೋಮಾರಿಯೆಂಬ ಬಿರುದು!

ಚಳಿನಾಡಿನ ಕರಡಿಗಳ ಹಾಗೆ ಇದು ತಿಂಗಳುಗಟ್ಟಲೆ ಮಲಗುವುದೂ ಇಲ್ಲ. ಚಳಿಗಾಲದ ದಿನಗಳಲ್ಲಿ ಬಂಡೆಗಳ ನಡುವಿನ ಗವಿಯಲ್ಲಿ ತಾಯಿ ಒಂದೋ ಎರಡೋ ಮರಿ ಹಾಕುತ್ತದೆ. ಗವಿಯಿಂದ ಹೊರಬಂದ ಮೇಲೆ ಹಲವು ತಿಂಗಳ ಕಾಲ ಮರಿಗಳನ್ನು ಬೆನ್ನಿನ ಉದ್ದ ಕೂದಲಿಗೆ ಅಂಟಿಸಿಕೊಂಡೇ ತಿರುಗುತ್ತದೆ. ಮರಿಯನ್ನು ಹೀಗೆ ನಿತ್ಯವೂ ಬೆನ್ನ ಮೇಲೆ ಹೊರುವ ಕರಡಿ ಇದೊಂದೇ. ಮರಿಗಳು ಸ್ವತಂತ್ರವಾಗಲು ಒಂದೂವರೆ ಎರಡು ವರ್ಷ ಬೇಕಾಗುವುದರಿಂದ ತಾಯಿ ಎರಡು ಮೂರು ವರ್ಷಕ್ಕೊಮ್ಮೆ ಮಾತ್ರ ಮರಿ ಹಾಕುತ್ತದೆ. ಆದಕಾರಣ ಒಂದು ತಾಯಿ ಸತ್ತರೆ ಆ ನಷ್ಟವನ್ನು ತುಂಬಿಕೊಳ್ಳಲು ಕಾಡಿಗೆ ಬಹುಕಾಲ ಹಿಡಿಯುತ್ತದೆ. ಭಾರತ, ನೇಪಾಳ, ಸಿಂಹಳಗಳಲ್ಲಿ ಉಳಿದಿರುವ ಈ ಜಾತಿಯ ಒಟ್ಟು ಸಂಖ್ಯೆ ಇಪ್ಪತ್ತು ಸಾವಿರಕ್ಕಿಂತ ಕಡಿಮೆಯೆಂದು ತಜ್ಞರ ಅಂದಾಜು. ಬಾಂಗ್ಲಾ ದೇಶದಲ್ಲಿ ಅದು ಆಗಲೇ ಅಳಿದುಹೋಗಿದೆ.

ಬೀದಿಯ ಕುಣಿತ

ನಮ್ಮ ವಾಚಕರಲ್ಲಿ ನಡುವಯಸ್ಸು ದಾಟಿದವರು ಊರಿನಲ್ಲಿಯೋ ಈ ನಗರದ ಗಲ್ಲಿಗಳಲ್ಲಿಯೋ ಕರಡಿಯಾಟವನ್ನು ಕಂಡೇ ಇರುತ್ತಾರೆ. ಡಮರುಗದ ಸದ್ದಿಗೆ ಹಿಂಗಾಲ ಮೇಲೆ ಎದ್ದುನಿಂತು ಕುಣಿಯುವ ಕರಡಿ. ಅದರ ಮೂಗಿನಿಂದ ಖಲಂದರನ ಕೈಗೆ ಒಂದು ಹಗ್ಗ. ಮಕ್ಕಳನ್ನು ಅದರ ಬೆನ್ನ ಮೇಲೆ ಕೂರಿಸಿದರೆ ಹೆದರಿಕೆ ಬಿಡುತ್ತದೆಂದೂ ಅದರ ಕೂದಲನ್ನು ತಾಯಿತದಲ್ಲಿ ಕಟ್ಟಿಸಿದರೆ ದೃಷ್ಟಿ ತಾಗುವುದಿಲ್ಲವೆಂದೂ ನಂಬಿ ಜನರು ಕಾಸು ಕೊಡುತ್ತಿದ್ದರು.

ಆ ಹಗ್ಗದ ಹಿಂದಿನ ಕಥೆ ಬಹು ಕ್ರೂರವಾದುದು. ತಾಯಿಯನ್ನು ಕೊಂದು ಮರಿಯನ್ನು ಹಿಡಿದು ತರುತ್ತಿದ್ದರು. ಇನ್ನೂ ಎಳೆಯದಾಗಿರುವಾಗಲೇ ಕಾಯಿಸಿದ ಕಬ್ಬಿಣದಿಂದ ಮೂತಿಯನ್ನು ಚುಚ್ಚಿ ಹಗ್ಗ ಪೋಣಿಸುತ್ತಿದ್ದರು. ಹಲ್ಲುಗಳನ್ನು ಮುರಿಯುತ್ತಿದ್ದರು. ಜನರು ಕುಣಿತವೆಂದು ಕಂಡುದು ನೋವಿಗೆ ಹೆದರಿದ ಪ್ರಾಣಿಯ ಒದ್ದಾಟವಲ್ಲದೆ ಬೇರೇನೂ ಅಲ್ಲ. ಪೋಷಕಾಂಶಗಳಿಲ್ಲದ ಆಹಾರದಿಂದ ಎಷ್ಟೋ ಕರಡಿಗಳ ಕಣ್ಣು ಹೋಗುತ್ತಿತ್ತು. ಬಿಡುಗಡೆಗೊಂಡ ಕರಡಿಗಳನ್ನು ಪರೀಕ್ಷಿಸಿದಾಗ ವೈದ್ಯರಿಗೆ ಹಲವುದರಲ್ಲಿ ಕ್ಷಯರೋಗ ಕಂಡುಬಂದಿತು. ಕಾಡಿನಲ್ಲಿ ಒಂಟಿಯಾಗಿ ಬಾಳುವ ಪ್ರಾಣಿ ಇಕ್ಕಟ್ಟಿನಲ್ಲಿ, ಅರೆಹೊಟ್ಟೆಯಲ್ಲಿ, ಜನರ ನಡುವೆ ಬಾಳಿದುದರ ಫಲವದು. ಇಕ್ಕಟ್ಟಾದ ಕೋಣೆಯಲ್ಲಿ ಹತ್ತು ಜನ ಮಲಗುವಲ್ಲಿ ಕೆಮ್ಮು ಹೇಗೆ ಹರಡುತ್ತದೆಂಬುದನ್ನು ನಮ್ಮ ಹೋಟೆಲ್ ಕೆಲಸಗಾರರಿಗೆ ಹೇಳಿಕೊಡಬೇಕಾಗಿಲ್ಲ.

ಕಾನೂನು ಒಂದೇ ಸಾಲದೆ ಹೋದುದೇಕೆ?

ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದುದು 1972ರಲ್ಲಿ. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕೆ ಬಳಸಕೂಡದೆಂದು ಕೇಂದ್ರ ಸರಕಾರವು 1998ರಲ್ಲಿ ಪ್ರಕಟಣೆ ಹೊರಡಿಸಿತು. 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಆದರೂ ಕರಡಿಗಳು ಬೀದಿಯಲ್ಲಿ ಕುಣಿಯುತ್ತಲೇ ಇದ್ದುವು. ಕಾನೂನು ಪುಸ್ತಕದಲ್ಲಿ ಗಟ್ಟಿಯಾಗಿದ್ದಿತು. ಬೀದಿಯಲ್ಲಿ ಖಲಂದರನ ಹಸಿವು ಅದಕ್ಕಿಂತ ಗಟ್ಟಿಯಾಗಿದ್ದಿತು. ಒಂದು ಕರಡಿಯನ್ನು ಕಸಿದುಕೊಂಡರೆ ಆತನು ಮತ್ತೊಂದು ಮರಿಯನ್ನು ಕೊಳ್ಳುತ್ತಿದ್ದನು. ಅಲ್ಲಿಗೆ ಕಾಡಿನಲ್ಲಿ ಮತ್ತೊಂದು ತಾಯಿ ಸಾಯುತ್ತಿದ್ದಿತು.

ಇದನ್ನರಿತು ಬೇರೆ ದಾರಿ ಹಿಡಿದವರು ಕಾರ್ತಿಕ್ ಸತ್ಯನಾರಾಯಣ ಮತ್ತು ಗೀತಾ ಶೇಷಮಣಿ ಎಂಬವರು. 1995ರಲ್ಲಿ ಅವರು ಆರಂಭಿಸಿದ ‘ವೈಲ್ಡ್‌ಲೈಫ್ ಎಸ್‌ಓಎಸ್’ ಸಂಸ್ಥೆಯು ಅರಣ್ಯ ಇಲಾಖೆಗಳೊಡನೆ ಸೇರಿ ಆಗ್ರಾದಲ್ಲಿಯೂ ಬಳಿಕ ಬೆಂಗಳೂರಿನ ಬಳಿಯ ಬನ್ನೇರುಘಟ್ಟವೇ ಮೊದಲಾದ ಕಡೆಗಳಲ್ಲಿಯೂ ಕರಡಿಗಳ ಆಶ್ರಯಧಾಮಗಳನ್ನು ಏರ್ಪಡಿಸಿತು. 2002ರಿಂದ ಬೀದಿಯ ಕರಡಿಗಳು ಒಂದೊಂದಾಗಿ ಅಲ್ಲಿಗೆ ಬರತೊಡಗಿದುವು. ಗಮನಾರ್ಹ ಸಂಗತಿಯೇನೆಂದರೆ, ಕರಡಿಯನ್ನು ಒಪ್ಪಿಸಿದ ಖಲಂದರನನ್ನು ಬರಿಗೈಯಲ್ಲಿ ಕಳುಹಿಸಲಿಲ್ಲ. ಮತ್ತೆ ಆ ವೃತ್ತಿಗೆ ಇಳಿಯುವುದಿಲ್ಲವೆಂಬ ಕರಾರಿನ ಮೇಲೆ ಆತನಿಗೆ ಸಣ್ಣ ಅಂಗಡಿಗೋ ಬಾಡಿಗೆ ವಾಹನಕ್ಕೋ ಮೂಲಧನ ದೊರೆಯಿತು. ಹೆಂಗಸರಿಗೆ ಹೊಲಿಗೆ, ನೇಯ್ಗೆಗಳ ಕೆಲಸ ಕಲಿಸಲಾಯಿತು. ಮಕ್ಕಳು ಶಾಲೆಯ ಮುಖ ಕಂಡರು. ಏಳು ವರ್ಷಗಳಲ್ಲಿ ಆರುನೂರಕ್ಕೂ ಮಿಕ್ಕ ಕರಡಿಗಳು ಬಿಡುಗಡೆ ಪಡೆದುವು. ಕೊನೆಯದೆಂದು ಎಣಿಸಲಾದ ‘ರಾಜು’ ಎಂಬ ಕರಡಿಯ ಮೂಗಿನ ಹಗ್ಗ ಕಳಚಿದುದು 2009ರ ಡಿಸೆಂಬರಿನಲ್ಲಿ, ನಮ್ಮ ಕರ್ನಾಟಕದಲ್ಲಿ.

ಹಲ್ಲು ಮುರಿದ, ತಾಯಿಯಿಂದ ಏನನ್ನೂ ಕಲಿಯದ ಆ ಕರಡಿಗಳನ್ನು ಮತ್ತೆ ಕಾಡಿಗೆ ಬಿಡುವಂತಿರಲಿಲ್ಲ. ಅವು ಆಶ್ರಯಧಾಮದಲ್ಲಿಯೇ ಆಯುಸ್ಸು ಕಳೆಯಬೇಕಾಯಿತು. ಹಾಗಿದ್ದರೂ ಶತಮಾನಗಳ ಒಂದು ಕ್ರೂರ ಪದ್ಧತಿ ಏಳೇ ವರ್ಷಗಳಲ್ಲಿ ನಮ್ಮ ಬೀದಿಗಳಿಂದ ಮರೆಯಾದುದು ಅಲ್ಪ ಸಾಧನೆಯಲ್ಲ. ಪ್ರಾಣಿಯ ಮೇಲೆ ಬದುಕುತ್ತಿದ್ದವನ ಹೊಟ್ಟೆಪಾಡಿಗೆ ದಾರಿ ತೋರಿದಾಗ ಮಾತ್ರ ಪ್ರಾಣಿ ಉಳಿಯಿತು ಎಂಬುದೇ ಇದರ ಪಾಠ.

ಈ ಪಾಠ ನಮಗೆ ಮಾತ್ರ ಮೀಸಲಲ್ಲ. ನಮ್ಮ ಕರಡಿಗೆ ಹೆಸರು ಕೊಟ್ಟ ಆ ನಿಜವಾದ ಸ್ಲಾತ್ ಪ್ರಾಣಿಯನ್ನು ಇಂದು ಅಮೆಜಾನ್ ನದಿಯ ಸೀಮೆಯಲ್ಲಿ ಮರದಿಂದ ಕಿತ್ತು ತಂದು, ಪ್ರವಾಸಿಗಳ ಕೊರಳಿಗೆ ಜೋತುಬಿಟ್ಟು ಫೋಟೋ ತೆಗೆಸಿ ಕಾಸು ಸಂಪಾದಿಸುವ ಬಡವರಿದ್ದಾರೆ. ನಗುಮುಖದಂತೆ ಕಾಣುವ ಅದರ ಮುಖವನ್ನು ನೋಡಿ ಅದಕ್ಕೂ ಸಂತೋಷವೆಂದು ಪ್ರವಾಸಿಗಳು ಭ್ರಮಿಸುತ್ತಾರೆ. ನಾವು ಕುಣಿತವೆಂದು ಭ್ರಮಿಸಲಿಲ್ಲವೇ, ಹಾಗೆ. ಅಲ್ಲಿಯೂ ಮೊದಲ ಪ್ರಶ್ನೆ ಹೊಟ್ಟೆಯದೇ.

ಬಂಡೆಯ ಬೆಲೆ

ಬೀದಿಯ ಕರಡಿಯ ಕಥೆ ಮುಗಿಯಿತು. ಆದರೆ ಕಾಡಿನ ಕರಡಿಗೆ ಈಗ ಬಂದಿರುವುದು ಹಗ್ಗಕ್ಕಿಂತ ದೊಡ್ಡ ಸಂಕಟ. ತುಂಗಭದ್ರೆಯ ಎರಡೂ ದಡಗಳ ಬಂಡೆಗುಡ್ಡಗಳು ಅದರ ಪುರಾತನ ಬೀಡು. ಜಾಂಬವಂತನ ಕಿಷ್ಕಿಂಧೆ ಅದೇ ಎಂದು ಹಿರಿಯರು ಹೇಳುತ್ತಾರೆ. 1953ರವರೆಗೆ ದಕ್ಷಿಣ ದಡ ಮದರಾಸಿಗೆ ಸೇರಿತ್ತು. ಉತ್ತರ ದಡದ ಕೊಪ್ಪಳ, ಗಂಗಾವತಿಗಳು 1956ರವರೆಗೆ ಇದೇ ಹೈದರಾಬಾದ್ ರಾಜ್ಯದಲ್ಲಿದ್ದುವು. ಗಡಿ ಬದಲಾದರೂ ಕರಡಿಗಳು ತಮ್ಮ ಗವಿಗಳನ್ನು ಬಿಟ್ಟಿರಲಿಲ್ಲ. 1994ರಲ್ಲಿ ಕರ್ನಾಟಕ ಸರಕಾರವು ಹಂಪಿಗೆ ಸಮೀಪದ ದರೋಜಿಯನ್ನು ಕರಡಿಧಾಮವೆಂದು ಸಾರಿತು. 2009ರಲ್ಲಿ ಬುಕ್ಕಸಾಗರದ ಕಾಯ್ದಿಟ್ಟ ಅರಣ್ಯವನ್ನೂ ಸೇರಿಸಿಕೊಂಡು ಅದರ ವಿಸ್ತೀರ್ಣ 82 ಚದರ ಕಿಲೋಮೀಟರಿಗೆ ಏರಿತು. 2013ರಲ್ಲಿ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಇನ್ನೊಂದು ಕರಡಿಧಾಮವಾಯಿತು. ಇವು ಸ್ತುತ್ಯರ್ಹ ಕಾರ್ಯಗಳು.

ಆದರೆ ಕರಡಿಗೆ ಧಾಮದ ಎಲ್ಲೆಕಲ್ಲು ಗೊತ್ತಿಲ್ಲ. ಅದರ ಗವಿಗಳಿರುವ ಎಷ್ಟೋ ಗುಡ್ಡಗಳು ಧಾಮದ ಹೊರಗಿವೆ. ಮನೆಯ ನೆಲಕ್ಕೂ ಅಡಿಗೆಮನೆಯ ಕಟ್ಟೆಗೂ ಹೊಳಪುಕಲ್ಲನ್ನು ಒದಗಿಸುವ ಗಣಿಗಾರಿಕೆಗೆ ಬೇಕಾದುದೂ ಅದೇ ಬಂಡೆಯೇ. ಸಂಡೂರಿನ ಸೀಮೆಯಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ಯಾವ ವಿಪರೀತಕ್ಕೆ ಹೋಗಿತ್ತೆಂಬುದನ್ನೂ 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಳನ್ನು ನಿಲ್ಲಿಸಬೇಕಾಗಿ ಬಂದುದನ್ನೂ ಇಲ್ಲಿ ಸ್ಮರಿಸಬಹುದು. ಗುಡ್ಡ ಸಿಡಿದರೆ ಗವಿ ಹೋಗುತ್ತದೆ. ಸುತ್ತಲ ಕುರುಚಲು ಕಾಡು ಕಡಿದರೆ ಬೋರೆಯೂ ಹುತ್ತವೂ ಹೋಗುತ್ತವೆ. ಆಮೇಲೆ ಕರಡಿಗೆ ಕಾಣುವುದು ರೈತನ ಮುಸುಕಿನ ಜೋಳ, ಶೇಂಗಾ, ಬಾಳೆಗಳೇ. ಹಾಗೆ ಬಂದ ಕರಡಿಯನ್ನು ಊರಿಗೆ ನುಗ್ಗಿತೆಂದು ಬರೆಯುತ್ತೇವೆ.

ದರೋಜಿಯಲ್ಲಿ ಅರಣ್ಯ ಸಿಬ್ಬಂದಿಯು ಬಂಡೆಗಳ ಮೇಲೆ ಬೆಲ್ಲ, ಜೇನುಗಳ ಪಾಕ ಬಳಿದು ಕರಡಿಗಳನ್ನು ಪ್ರವಾಸಿಗಳಿಗೆ ಕಾಣಿಸುವ ಕ್ರಮವುಂಟು. ನೋಡುಗರಿಗೆ ಅದರಿಂದ ಕರಡಿಯ ಮೇಲೆ ಪ್ರೀತಿ ಹುಟ್ಟುವುದಾದರೆ ಸಂತೋಷವೇ. ಆದರೆ ಬೆಲ್ಲದ ಪಾಕ ಕಾಡಿಗೆ ಬದಲಿಯಲ್ಲ. ಇಷ್ಟು ದಿನ ಊಟ ಬಡಿಸಿದ ಅನುಭವದಿಂದ ನಾವು ಹೇಳಬಲ್ಲೆವು: ಒಂದು ಹೊತ್ತಿನ ಸಿಹಿಯಿಂದ ಯಾರ ಸಂಸಾರವೂ ನಡೆಯುವುದಿಲ್ಲ.

ಇನ್ನು ರೈತನ ಕಷ್ಟವನ್ನು ಕಡೆಗಣಿಸುವಂತಿಲ್ಲ. ಕರಡಿಯ ದೃಷ್ಟಿ ಮಂದ. ಹುಲಿಗಳ ನಡುವೆ ಬಾಳಿ ಬಂದ ಜಾತಿಯಾದುದರಿಂದ, ಹತ್ತಿರದಲ್ಲಿ ಫಕ್ಕನೆ ಯಾರಾದರೂ ಎದುರಾದರೆ ಓಡುವ ಬದಲು ಎರಗುವುದೇ ಅದರ ಸ್ವಭಾವ. ಮರಿ ಹೊತ್ತ ತಾಯಿಯಾದರೆ ಕೇಳಲೇ ಬೇಡಿ. ಪೆಟ್ಟು ಬೀಳುವುದು ಹೆಚ್ಚಾಗಿ ತಲೆಗೂ ಮುಖಕ್ಕೂ. ಬದುಕಿ ಉಳಿದವನೂ ಕಣ್ಣನ್ನೋ ಮೂಗನ್ನೋ ಕಳೆದುಕೊಂಡು ಆಯುಷ್ಯಪೂರ್ತಿ ನರಳುತ್ತಾನೆ. ಇಂತಹವನಿಗೆ ಕರಡಿಯನ್ನು ಪ್ರೀತಿಸೆಂದು ಹೈದರಾಬಾದಿನಲ್ಲಿ ಕುಳಿತು ಉಪದೇಶಿಸುವುದು ಸುಲಭ; ಆದರೆ ನ್ಯಾಯವಲ್ಲ. ಖಲಂದರನಿಗೆ ದೊರೆತ ಸಮಾಧಾನ ಆತನಿಗೂ ದೊರೆಯಬೇಕು. ಗಾಯಗೊಂಡವನಿಗೆ ಒಳ್ಳೆಯ ಶಸ್ತ್ರಚಿಕಿತ್ಸೆ, ಪರಿಹಾರದ ಹಣ ಕಚೇರಿಯಿಂದ ಕಚೇರಿಗೆ ಅಲೆಯದೆ ಕೈಸೇರುವ ವ್ಯವಸ್ಥೆ, ಬೆಳೆನಷ್ಟಕ್ಕೆ ಬೇಗನೆ ಪರಿಹಾರ, ಊರಿಗೆ ಬೀದಿದೀಪ, ಮನೆಗೆ ಶೌಚಾಲಯ, ಕಾಡಿನ ಕಟ್ಟಿಗೆಗೆ ಹೋಗಬೇಕಾಗದಂತೆ ಅಡಿಗೆ ಅನಿಲ: ಇವೆಲ್ಲವೂ ಕರಡಿಯ ಸಂರಕ್ಷಣೆಯ ಕೆಲಸಗಳೇ. ಬಯಲಿಗೆ ನಸುಕಿನಲ್ಲಿ ಒಂಟಿಯಾಗಿ ಹೋಗುವ ಹೆಂಗಸು ಕರಡಿಗೆ ಎದುರಾಗುವ ಸಂದರ್ಭವೇ ತಪ್ಪಿದರೆ ಇಬ್ಬರೂ ಉಳಿದಂತೆ.

ನಮ್ಮವರ ಪಾಲು

ಇದರಲ್ಲಿ ಅಬಿಡ್ಸಿನ ಹೋಟೆಲಿನಲ್ಲಿ ದುಡಿಯುವವನಿಗೂ ಕಚೇರಿಯ ಗುಮಾಸ್ತನಿಗೂ ಏನು ಪಾಲು ಎಂದು ಕೇಳಬಹುದು. ಪಾಲುಂಟು. ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಗುಡ್ಡದ ಬುಡದಲ್ಲಿ ಒಂದೆರಡು ಎಕರೆ ಒಣಭೂಮಿ ಉಳಿದಿದೆ. ಮಳೆ ಕೈಕೊಟ್ಟುದರಿಂದಲೇ ಅದನ್ನು ಬಿಟ್ಟು ಬಂದವರು ನಾವು. ಕಲ್ಲುಗಣಿಗೆ ಪಟ್ಟಾ ಜಮೀನಿನಲ್ಲಿಯೂ ಪರವಾನಿಗೆ ದೊರೆಯುವುದರಿಂದ, ಗುತ್ತಿಗೆದಾರನು ಸಹಿಗಾಗಿ ಇಲ್ಲಿಯವರೆಗೂ ಬರುವ ಪ್ರಸಂಗ ಬಂದೀತು. ಆಗ ಆ ಹಣವನ್ನು ಎಣಿಸುವಾಗ, ಪಕ್ಕದ ಹೊಲದಲ್ಲಿ ರಾತ್ರಿ ಕಾವಲು ಕೂರುವ ಅಣ್ಣನ ಮುಖವನ್ನೂ ಒಮ್ಮೆ ನೆನೆಯಬೇಕು. ಗವಿ ಕಳೆದುಕೊಂಡ ಕರಡಿ ಮೊದಲು ಹೋಗುವುದು ಆತನ ಹೊಲಕ್ಕೇ. ಗ್ರಾಮಸಭೆಯಲ್ಲಿ ಗಣಿಯ ವಿಷಯ ಬಂದರೆ ಗುಡ್ಡದಲ್ಲಿ ಗವಿಗಳಿವೆಯೇ, ನೀರಿನ ಸೆಲೆಯಿದೆಯೇ ಎಂದು ಕೇಳಲು ಮನೆಯವರಿಗೆ ಫೋನಿನಲ್ಲಿ ಹೇಳಬಹುದಲ್ಲವೇ?

ಊರಿಗೆ ಹೋದಾಗ ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಗುಡ್ಡದ ಕಡೆಗೆ ಒಬ್ಬರೇ ಹೋಗದಿರುವುದು, ಹೋಗಲೇಬೇಕಾದರೆ ನಾಲ್ಕು ಜನ ಸೇರಿ ಗಟ್ಟಿಯಾಗಿ ಮಾತನಾಡುತ್ತ ಹೋಗುವುದು, ಕರಡಿ ಕಂಡಲ್ಲಿ ಅದನ್ನು ಬೆನ್ನಟ್ಟದೆ, ಮೊಬೈಲು ಹಿಡಿದು ಸುತ್ತುವರಿಯದೆ, ಅರಣ್ಯ ಇಲಾಖೆಗೆ ತಿಳಿಸುವುದು: ಇವು ಜೀವ ಉಳಿಸುವ ಮಾತುಗಳು. ಗುಂಪಿನ ಗದ್ದಲಕ್ಕೆ ದಾರಿಗಾಣದ ಕರಡಿಯೇ ಹೆಚ್ಚು ಅಪಾಯಕಾರಿ.

ಕರಡಿಯ ಉಗುರು, ಕೂದಲು, ಪಿತ್ತಗಳನ್ನು ಮಾರುವವರು ಇನ್ನೂ ಇದ್ದಾರೆ. ಅವನ್ನು ಕೊಳ್ಳುವುದೂ ಇಟ್ಟುಕೊಳ್ಳುವುದೂ ಅಪರಾಧವೆಂಬುದನ್ನು ಮರೆಯಬಾರದು. ಇದೇ ನಗರದ ಅತ್ತಾಪುರದಲ್ಲಿ ಕೋಶೀಯ ಮತ್ತು ಅಣುಜೀವಶಾಸ್ತ್ರ ಕೇಂದ್ರದವರು ಅಳಿವಿನಂಚಿನ ಪ್ರಾಣಿಗಳಿಗಾಗಿಯೇ ಸ್ಥಾಪಿಸಿರುವ ಪ್ರಯೋಗಶಾಲೆಯಿದೆ. ಅಂಗೈಯಗಲದ ಚರ್ಮದ ಚೂರಿನಿಂದಲೂ ಅದು ಯಾವ ಪ್ರಾಣಿಯದೆಂದು ಅಲ್ಲಿಯ ವಿಜ್ಞಾನಿಗಳು ಕಂಡುಹಿಡಿಯಬಲ್ಲರು. ರಜೆಯ ದಿನ ಮಕ್ಕಳಿಗೆ ಕರಡಿಯನ್ನು ತೋರಿಸಬೇಕೆನ್ನುವವರು 1963ರಲ್ಲಿ ತೆರೆದ ನೆಹರೂ ಪ್ರಾಣಿಸಂಗ್ರಹಾಲಯಕ್ಕೆ ಹೋಗಬಹುದು. ಅಲ್ಲಿ ಅದರ ಬೆನ್ನೇರಿ ಕೂರುವಂತಿಲ್ಲ; ಕೂರಬೇಕಾಗಿಯೂ ಇಲ್ಲ. ಆ ಬೆನ್ನು ಅದರ ಮರಿಗಳಿಗೆ ಸೇರಿದ್ದು.

2022ರಿಂದೀಚೆಗೆ ಅಕ್ಟೋಬರ್ 12ನೆಯ ದಿನವನ್ನು ವಿಶ್ವ ಕರಡಿ ದಿನವೆಂದು ಈ ಜಾತಿಗಾಗಿಯೇ ಆಚರಿಸುತ್ತಿದ್ದಾರೆ. ದಿನಾಚರಣೆಗಳಿಂದ ಗುಡ್ಡಗಳು ಉಳಿಯುವುದಿಲ್ಲ. ಧಾಮದ ಹೊರಗಿರುವ ಗವಿಗಳನ್ನು ಗುರುತಿಸಿ ಅಲ್ಲಿ ಹೊಸ ಗಣಿಗೆ ಪರವಾನಿಗೆ ಕೊಡದಿರುವುದು, ಕೊಡದಿದ್ದುದರಿಂದ ಕೂಲಿ ತಪ್ಪಿದ ಹಳ್ಳಿಯವರಿಗೆ ಬೇರೆ ಉದ್ಯೋಗ ಕಲ್ಪಿಸುವುದು, ಈ ಎರಡನ್ನೂ ಸರಕಾರವು ಒಟ್ಟಿಗೆ ಮಾಡಬೇಕು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ 1972ರಿಂದ 2002ರವರೆಗಿನ ಮೂವತ್ತು ವರ್ಷಗಳ ಕಥೆಯೇ ಮರುಕಳಿಸೀತು: ಕಾನೂನು ಕಡತದಲ್ಲಿರುತ್ತದೆ, ಕರಡಿ ಸಾಯುತ್ತಿರುತ್ತದೆ.

ಹೊಟ್ಟೆಯ ಪಾಡಿಗಾಗಿ ಹುಟ್ಟಿದ ನೆಲ ಬಿಟ್ಟು ಬರುವುದೆಂದರೇನೆಂಬುದು ನಮ್ಮ ವಾಚಕರಿಗೆ ಚೆನ್ನಾಗಿ ಗೊತ್ತು. ಬಂದ ಊರಿನಲ್ಲಿ ನಮ್ಮನ್ನು ಯಾರಾದರೂ ನುಗ್ಗಿದವರೆಂದು ಕರೆದರೆ ನೊಂದುಕೊಳ್ಳುತ್ತೇವೆ. ಕರಡಿಗೆ ನೊಂದುಕೊಂಡು ಹೇಳಲು ಬಾಯಿಲ್ಲ. ಅದಕ್ಕೆ ಬೇಕಾದುದು ಒಂದು ಗವಿ, ನಾಲ್ಕು ಹುತ್ತ, ಹತ್ತು ಬೋರೆಯ ಗಿಡ. ಅಷ್ಟನ್ನು ಅದರ ಗುಡ್ಡದಲ್ಲಿಯೇ ಉಳಿಸಿಕೊಟ್ಟರೆ ಅದು ಯಾರ ಪೂಜೆಗೂ ಅಡ್ಡಬರುವುದಿಲ್ಲ.